ವೃದ್ಧ ಮಾರ್ಜಾಲ ಮತ್ತು ಶ್ರಾವಕನ ಹೊಸಿಲು

ಶ್ರಾವಕನ ಮನೆಯಲ್ಲಿ ಬೆಕ್ಕಿಗೆ ಎಡೆಯುಂಟೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಜೀವದಯೆಯನ್ನು ಧರ್ಮದ ಮೂಲವೆಂದು ನಂಬಿದವರು ಒಂದು ಮೂಕಪ್ರಾಣಿಯನ್ನು ಒಳಗೆ ಕರೆದುಕೊಳ್ಳಲು ಇಷ್ಟು ಯೋಚಿಸಬೇಕೇ ಎಂದು ವಾಚಕರು ಕೇಳಿಯಾರು. ಆದರೆ ನಮ್ಮ ಪೂರ್ವಾಚಾರ್ಯರು ಇದನ್ನು ಅಲ್ಪವೆಂದು ಬಗೆದಂತಿಲ್ಲ. ಸ್ವಾಮಿ ಕಾರ್ತಿಕೇಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪ್ರಾಕೃತದ ಅನುಪ್ರೇಕ್ಷಾ ಗ್ರಂಥವನ್ನು ನಮ್ಮ ನಾಡಿನವರೇ ಆದ ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿದ್ದು 1960ರಲ್ಲಿ ಪ್ರಕಟವಾಯಿತು. ಅದರಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಇಟ್ಟುಕೊಳ್ಳುವುದನ್ನೂ ಆಯುಧ, ಕಬ್ಬಿಣ ಮುಂತಾದವುಗಳನ್ನು ಮಾರುವುದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿದೆ. ಆ ಸಾಲಿನಲ್ಲಿ ಬೆಕ್ಕಿನ ಹೆಸರೇ ಮೊದಲು.

ಈ ಮಾತು ನನಗೆ ಗ್ರಂಥದ ಮಾತಾಗಿಯೇ ಉಳಿಯದೆ ಮನೆಯ ಬಾಗಿಲಿಗೆ ಬಂದು ನಿಂತದ್ದು ಎರಡು ವರ್ಷಗಳ ಹಿಂದೆ. ಜಯನಗರದಲ್ಲಿ ನಾವಿರುವ ಅಡ್ಡರಸ್ತೆಯ ಕೊನೆಗೆ ಒಂದು ಹಳೆಯ ಮನೆಯಿತ್ತು. 1948ರಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಈಗ ಎಣಿಕೆಗೆ ಮಾತ್ರ ಉಳಿದಿರುವ, ಮುಂದೆ ಅಂಗಳ, ಹಿಂದೆ ಬಾವಿ, ಗೋಡೆಗೆ ಒರಗಿದ ಸಂಪಿಗೆ ಮರ ಇರುವ ಮನೆಗಳಲ್ಲೊಂದು. ಅಲ್ಲಿ ಒಬ್ಬರೇ ವಾಸವಾಗಿದ್ದ ವೃದ್ಧೆ ತೀರಿಕೊಂಡರು. ಮಕ್ಕಳಿಬ್ಬರೂ ಪರದೇಶದಲ್ಲಿದ್ದವರು. ಉತ್ತರಕ್ರಿಯೆಗಳನ್ನು ಮುಗಿಸಿ, ಪಾತ್ರೆಪಗಡಗಳನ್ನು ಹಂಚಿ, ಮನೆಯನ್ನು ಕೆಡವಿ ಕಟ್ಟುವವರಿಗೆ ಒಪ್ಪಿಸಿ ಹೊರಡುವ ಹೊತ್ತಿಗೆ ಅವರ ಕೈಯಲ್ಲಿ ವಿಲೇವಾರಿಯಾಗದೆ ಉಳಿದದ್ದು ಒಂದು ಬೆಕ್ಕು. ಮಳೆಗಾಲದ ಒಂದು ರಾತ್ರಿ ಮೋರಿಯಿಂದ ಎತ್ತಿ ತಂದು ಆ ತಾಯಿ ಬದುಕಿಸಿದ ಮರಿ ಅದು. ಆಗ ಅದಕ್ಕೆ ಹನ್ನೆರಡು ವರ್ಷ ತುಂಬಿತ್ತು. ಹೆಸರು ಚಿನ್ನಿ. ಹಿರಿಯ ಮಗ ನಮ್ಮ ಮನೆಗೆ ಬಂದು, “ಹತ್ತು ದಿನ ಇಟ್ಟುಕೊಂಡಿರಿ ಅಂಕಲ್, ಯಾರಾದರೂ ಸಿಕ್ಕೇ ಸಿಗುತ್ತಾರೆ” ಎಂದರು. ಮರುದಿನವೇ ಅವರ ವಿಮಾನ.

ನನ್ನ ತಾಯಿಯವರು ಎಂಬತ್ತು ದಾಟಿದವರು. ಅಷ್ಟಮಿ, ಚತುರ್ದಶಿಗಳಲ್ಲಿ ಏಕಭುಕ್ತ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟುವವರಲ್ಲ. ಅವರು ಬೆಕ್ಕನ್ನು ನೋಡಿ, “ಬರಲಿ, ಅದೂ ಒಂದು ಜೀವ. ಆದರೆ ಈ ಮನೆಯಲ್ಲಿ ಅದರ ಊಟ ನಮ್ಮ ಊಟವೇ ಆಗಬೇಕು” ಎಂದರು. ನನಗೂ ಅದು ನ್ಯಾಯವೆಂದೇ ತೋರಿತು. ಮಾಳಿಗೆಯ ಮೇಲಿನ ಕೋಣೆಯಲ್ಲಿ ಅದರ ಹಳೆಯ ಗೋಣಿಯನ್ನು ಹಾಸಿ, ಮರಳಿನ ತಟ್ಟೆಯೊಂದನ್ನು ಮೂಲೆಗೆ ಇಟ್ಟೆವು. ಮೊದಲ ಎರಡು ದಿನ ಅದು ಬೀರುವಿನ ಹಿಂದಿನಿಂದ ಹೊರಗೆ ಬರಲಿಲ್ಲ. ಬೆಕ್ಕು ಮನುಷ್ಯರಿಗಿಂತ ಮನೆಗೆ ಅಂಟಿಕೊಳ್ಳುವ ಪ್ರಾಣಿ ಎಂಬ ಮಾತಿದೆ. ಅದು ಪೂರ್ಣ ಸತ್ಯವಲ್ಲವಾದರೂ ತನ್ನ ವಾಸನೆಯಿಲ್ಲದ ಸ್ಥಳದಲ್ಲಿ ಬೆಕ್ಕು ಕಂಗೆಡುವುದು ನಿಜ. ಹಾಗೆ ಕಂಗೆಟ್ಟು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯೊಳಗಿನ ಕೊಬ್ಬು ಯಕೃತ್ತಿಗೆ ಸೇರಿ ಪ್ರಾಣಕ್ಕೇ ಅಪಾಯವಾಗಬಹುದೆಂದು ಅನಂತರ ತಿಳಿದೆ. ನಾಯಿಗೂ ನಮಗೂ ಉಪವಾಸ ಸಹ್ಯವಾಗುವಂತೆ ಬೆಕ್ಕಿಗೆ ಸಹ್ಯವಾಗದು. ಮೂರನೆಯ ರಾತ್ರಿ ಅದು ಮೊಸರನ್ನವನ್ನು ಮೂಸಿ, ನಾಲ್ಕು ಬಾರಿ ನೆಕ್ಕಿತು. ನಾವೆಲ್ಲ ಗೆದ್ದೆವೆಂದುಕೊಂಡೆವು.

ಅನಂತರ ಮನೆ ಹುಡುಕುವ ಕೆಲಸ. ದಕ್ಷಿಣ ಬೆಂಗಳೂರಿನಲ್ಲಿ ಬೆಕ್ಕಿನ ಮರಿಗೆ ಮನೆ ಸಿಗುವುದು ಕಷ್ಟವಲ್ಲ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿರುವ ಯುವಕ ಯುವತಿಯರು, ಜೆ.ಪಿ. ನಗರದ ಹೊಸ ವಸತಿ ಸಮುಚ್ಚಯಗಳಲ್ಲಿರುವ ಮಕ್ಕಳೊಂದಿಗರು, ಮರಿಯೆಂದರೆ ಕೈ ಚಾಚುತ್ತಾರೆ. ಹನ್ನೆರಡು ವರ್ಷವೆಂದೊಡನೆ ಧ್ವನಿ ಬದಲಾಗುತ್ತದೆ. ಒಬ್ಬರು, “ಅಷ್ಟು ವಯಸ್ಸಾದದ್ದಕ್ಕೆ ನಮ್ಮ ಅಭ್ಯಾಸ ಆಗುವುದಿಲ್ಲ” ಎಂದರು. ಮತ್ತೊಬ್ಬರು ಬಾಡಿಗೆ ಮನೆಯವರು; ಮಾಲೀಕರು ಒಪ್ಪುವುದಿಲ್ಲವೆಂದರು. ವಸತಿ ಸಮುಚ್ಚಯದ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿ 2015ರಲ್ಲಿಯೇ ಸೂಚನೆ ಹೊರಡಿಸಿದೆ ಎಂದು ನಾನು ಹೇಳಿದರೆ, ಆ ಸೂಚನೆಯನ್ನು ಹಿಡಿದು ಮಾಲೀಕರೊಡನೆ ಜಗಳವಾಡಲು ಬಾಡಿಗೆದಾರನಿಗೆ ಎದೆಗಾರಿಕೆ ಎಲ್ಲಿಂದ ಬರಬೇಕು? ಬನಶಂಕರಿಯ ಹಿರಿಯರೊಬ್ಬರು ಮಾತ್ರ ನೇರವಾಗಿ ಕೇಳಿದರು: “ಇನ್ನೆಷ್ಟು ವರ್ಷ ಬದುಕುತ್ತದೆ?” ಕ್ರೂರವಾದ ಪ್ರಶ್ನೆಯೆಂದು ಆಗ ನನಗೆ ಸಿಟ್ಟು ಬಂದಿತು. ಈಗ ಯೋಚಿಸಿದರೆ ಅವರೇ ಎಲ್ಲರಿಗಿಂತ ಪ್ರಾಮಾಣಿಕರು. ಮನೆಯೊಳಗೇ ಬಾಳುವ ಬೆಕ್ಕು ಹದಿನೈದು ವರ್ಷವನ್ನೋ ಅದಕ್ಕೂ ಹೆಚ್ಚನ್ನೋ ಕಾಣಬಹುದು. ಆದರೆ ಹತ್ತು ದಾಟಿದ ಮೇಲೆ ಮೂತ್ರಪಿಂಡ, ಹಲ್ಲು, ಕೀಲುಗಳ ತೊಂದರೆ ಬಹುಪಾಲು ತಪ್ಪದು. ಹೀಗಿರಲು ವೃದ್ಧ ಬೆಕ್ಕನ್ನು ಮನೆಗೆ ತರುವವನು ಶುಶ್ರೂಷೆಯನ್ನೂ ಮರಣವನ್ನೂ ಕೂಡಿಯೇ ತರುತ್ತಾನೆ. ಅದನ್ನು ಕೇಳಿ ತಿಳಿದು “ನನ್ನಿಂದಾಗದು” ಎನ್ನುವವನಲ್ಲಿ ದೋಷ ಕಾಣಬೇಕಾಗಿಲ್ಲ.

ಪ್ರಾಣಿದಯಾ ಸಂಸ್ಥೆಗಳಿಲ್ಲವೇ ಎಂದು ಕೇಳಬಹುದು. ಇವೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಸ್ಥಾಪಿಸಿದ ‘ಕೂಪಾ’ದಂತಹ ಸಂಸ್ಥೆಗಳು ಈ ನಗರದಲ್ಲಿ ಮಾಡಿರುವ ಸೇವೆ ದೊಡ್ಡದು. ಆದರೆ ಗಾಯಗೊಂಡ, ಬೀದಿಗೆ ಬಿದ್ದ ಪ್ರಾಣಿಗಳಿಂದಲೇ ತುಂಬಿರುವ ಆಶ್ರಯಧಾಮಕ್ಕೆ, ನಡೆಯಲೂ ನೆರಳಲ್ಲಿ ಮಲಗಲೂ ಶಕ್ತವಾದ ಮನೆಯ ಬೆಕ್ಕನ್ನು ಒಪ್ಪಿಸಿಬರುವುದು, ಮಕ್ಕಳಿದ್ದೂ ತಂದೆಯನ್ನು ಅನಾಥಾಲಯದಲ್ಲಿ ಬಿಡುವಂತೆ ತೋರಿತು. ಇನ್ನೊಂದು ಅಡಚಣೆಯನ್ನೂ ಹೇಳಿಬಿಡಬೇಕು. ಚಿನ್ನಿಯ ಬಣ್ಣ ಕಪ್ಪು. ಬೆಕ್ಕು ಅಡ್ಡ ಬಂದರೆ ಹಿಂದಿರುಗುವ ಜನ ಲೋಕಮೂಢತೆಯನ್ನು ಕುರಿತು ಉಪನ್ಯಾಸ ಕೇಳಿದವರಲ್ಲಿಯೂ ಇದ್ದಾರೆ. ನಮ್ಮವರೇ ಒಬ್ಬರು ಫೋನಿನಲ್ಲಿ ಬಣ್ಣವನ್ನು ವಿಚಾರಿಸಿ ಮಾತು ಬದಲಿಸಿದರು.

ಹತ್ತು ದಿನ ಇಪ್ಪತ್ತಾಯಿತು. ಬೆಕ್ಕು ಬಡವಾಗುತ್ತಿತ್ತು. ಹಾಲನ್ನು ಮುಂದಿಟ್ಟರೆ ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ ದೂರ ಸರಿಯುವುದು. ಬಲವಂತಕ್ಕೆ ಕುಡಿದರೆ ಭೇದಿ. ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸೊರಗಲು ಆರಂಭವಾಗಿದೆ, ಎರಡು ಹಲ್ಲು ಕೀಳಬೇಕು ಎಂದು ಹೇಳಿ, ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು. ನನ್ನ ಉತ್ತರಕ್ಕೆ ಅವರು ನಗಲಿಲ್ಲ, ಬೈಯಲೂ ಇಲ್ಲ. ಸಮಾಧಾನವಾಗಿ ತಿಳಿಸಿದರು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಸರಿಯಾಗಿ ಜೀರ್ಣವಾಗದು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಪದಾರ್ಥ ಅತ್ಯವಶ್ಯಕ. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಆ ದೇಹಕ್ಕಿಲ್ಲ. ನಿಸರ್ಗದಲ್ಲಿ ಅದು ದೊರೆಯುವುದು ಮಾಂಸ ಮೀನುಗಳಿಂದ. ಅದರ ಕೊರತೆಯಿಂದ ಕಣ್ಣಿನ ಪರೆ ನಶಿಸುತ್ತದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದ್ದಾರೆ. ನಾವು ಕ್ಯಾರೆಟ್ಟಿನಿಂದ ಪಡೆಯುವ ‘ಎ’ ಜೀವಸತ್ವವನ್ನು ಕೂಡ ಬೆಕ್ಕು ಹಾಗೆ ಪಡೆಯಲಾರದು. ಕೃತಕವಾಗಿ ತಯಾರಿಸಿದ ಟಾರಿನ್ ಬೆರೆಸಿದ ಸಸ್ಯಾಹಾರವೂ ಕೆಲವು ದೇಶಗಳಲ್ಲಿ ದೊರೆಯುತ್ತದೆ. ಸಾಕಿದವರ ಹೇಳಿಕೆಗಳನ್ನು ಆಧರಿಸಿ 1,369 ಬೆಕ್ಕುಗಳ ಬಗ್ಗೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅಂತಹ ಆಹಾರದಿಂದ ಆರೋಗ್ಯ ಕೆಟ್ಟಂತೆ ಕಾಣಲಿಲ್ಲವೆಂದೇ ಹೇಳಿತು. ಆದರೆ ಅದು ಸಾಕಿದವರ ಮಾತು, ರಕ್ತಪರೀಕ್ಷೆಯ ಮಾತಲ್ಲ. ಮೂತ್ರಪಿಂಡ ಸೊರಗಿದ ಮುದಿ ಬೆಕ್ಕಿನ ಮೇಲೆ ನೀವು ಪ್ರಯೋಗ ಮಾಡಬೇಡಿ ಎಂದರು ವೈದ್ಯರು.

ಆ ರಾತ್ರಿ ನಾನು ಬಹಳ ಹೊತ್ತು ಎಚ್ಚರವಾಗಿದ್ದೆ. ಹಾಗಾದರೆ ಆ ವೃದ್ಧೆಯ ಸಸ್ಯಾಹಾರಿ ಮನೆಯಲ್ಲಿ ಹನ್ನೆರಡು ವರ್ಷ ಚಿನ್ನಿ ಬದುಕಿದ್ದು ಹೇಗೆ? “ನಮ್ಮ ಬೆಕ್ಕು ಮೊಸರನ್ನ ಬಿಟ್ಟರೆ ಇನ್ನೇನನ್ನೂ ಮೂಸುವುದಿಲ್ಲ” ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದುದು ನೆನಪಿದೆ. ಮೊಸರನ್ನ ಒಳಗೆ, ಇಲಿ, ಹಲ್ಲಿ, ಅಳಿಲು ಮರಿ, ಪಕ್ಕದ ಬೀದಿಯ ಅಡುಗೆಮನೆಯ ಮೀನಿನ ತಲೆ ಹೊರಗೆ. ರಾತ್ರಿ ಕಿಟಕಿ ತೆರೆದಿಟ್ಟರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ನಾವು ಆಡಿಕೊಳ್ಳುತ್ತೇವೆ. ಇಲ್ಲಿ ಕಣ್ಣು ಮುಚ್ಚಿದವರು ಯಾರು? ಹರೆಯದ ಬೆಕ್ಕು ತನ್ನ ಹಿಂಸೆಯನ್ನು ತಾನೇ ಹೊರಗೆ ಮುಗಿಸಿಕೊಂಡು ಬಂದು ನಮ್ಮ ಕಾಲಬಳಿ ಸೌಮ್ಯವಾಗಿ ಮಲಗುತ್ತದೆ. ಮುಪ್ಪು ಬಂದು ಹಲ್ಲು ಉದುರಿ, ಮಹಡಿಯ ಕೋಣೆಯೊಳಗೆ ಬಾಗಿಲು ಹಾಕಿದಾಗ ಅದು ಯಾವ ಜೀವವನ್ನೂ ಕೊಲ್ಲಲಾರದು. ಆದರೆ ಆಗಲೇ ಅದರ ಹೊಟ್ಟೆಯ ಪ್ರಶ್ನೆ ನಮ್ಮ ಹೊಸಿಲನ್ನು ದಾಟಿ ಒಳಗೆ ಬರುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಕಡೆಯದರ ಮರೆಯಲ್ಲಿ ಇದುವರೆಗೆ ಅಡಗಿದ್ದವರು ಈಗ ಎರಡನೆಯದರ ಬೆಳಕಿನಲ್ಲಿ ನಿಲ್ಲಬೇಕಾಗುತ್ತದೆ.

ಬಂಧುಗಳೊಬ್ಬರು, ಸ್ವಾಧ್ಯಾಯಶೀಲರು, ಹೀಗೆಂದರು: ಭಗವಾನ್ ಮಹಾವೀರರ ಜೀವವೇ ಪೂರ್ವಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶ ಕೇಳಿ ಮಾಂಸವನ್ನು ತ್ಯಜಿಸಿತು; ಸಿಂಹಕ್ಕೆ ಸಾಧ್ಯವಾದದ್ದು ಬೆಕ್ಕಿಗೆ ಏಕೆ ಅಸಾಧ್ಯ? ಸಂಜ್ಞಿ ಪಂಚೇಂದ್ರಿಯ ತಿರ್ಯಂಚರಿಗೂ ದೇಶವ್ರತ ಸಾಧ್ಯವೆಂದು ಸಿದ್ಧಾಂತವೂ ಹೇಳುತ್ತದೆಯಲ್ಲ? ಪ್ರಶ್ನೆ ಯೋಗ್ಯವಾದುದೇ. ಆದರೆ ಉತ್ತರಪುರಾಣದ ಆ ಪ್ರಸಂಗವನ್ನು ಮತ್ತೊಮ್ಮೆ ಓದಿದಾಗ ನನಗೆ ಕಂಡದ್ದು ಬೇರೆ. ವ್ರತ ಹಿಡಿದ ಸಿಂಹ ಹುಲ್ಲು ತಿಂದು ಬಾಳಿತೆಂದು ಪುರಾಣ ಹೇಳುವುದಿಲ್ಲ. ಮಾಂಸದ ಹೊರತು ಸಿಂಹಕ್ಕೆ ಬೇರೆ ಆಹಾರವಿಲ್ಲವಾದ್ದರಿಂದ ಅದರ ವ್ರತವೆಂದರೆ ನಿರಾಹಾರವೇ ಆಯಿತು. ಅದು ಸಮಾಧಿಯಿಂದ ದೇಹವನ್ನು ಬಿಟ್ಟಿತು. ಪ್ರಾಣಿಯ ಪ್ರಕೃತಿಯನ್ನು ಗುಣಭದ್ರಾಚಾರ್ಯರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಸಿಂಹದ ತ್ಯಾಗ ಸಿಂಹದ್ದು; ಜಾತಿಸ್ಮರಣೆಯಾಗಿ, ಪಶ್ಚಾತ್ತಾಪದಿಂದ ತಾನೇ ಕೈಗೊಂಡದ್ದು. ನಾನು ಮಹಡಿಯ ಬಾಗಿಲು ಹಾಕಿ ಮೊಸರನ್ನದ ತಟ್ಟೆಯನ್ನು ಮಾತ್ರ ಇಟ್ಟರೆ ಚಿನ್ನಿ ವ್ರತಸ್ಥವಾಗುವುದಿಲ್ಲ. ವ್ರತ ನನ್ನದು, ಹಸಿವು ಅದರದ್ದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಒಂದು ಮುದಿ ಬೆಕ್ಕನ್ನು ಮೂರು ವರ್ಷ ಉಳಿಸಲು ಎಷ್ಟು ಕೋಳಿ, ಎಷ್ಟು ಮೀನು ಸಾಯಬೇಕು? ಲೆಕ್ಕ ಹಾಕಿದರೆ ಬೆಕ್ಕು ಸೋಲುತ್ತದೆ. ಈ ಲೆಕ್ಕಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಒಂದು ಹಿಂಸ್ರಜೀವಿಯನ್ನು ಕೊಂದರೆ ಬಹು ಜೀವಗಳು ಉಳಿಯುತ್ತವೆಂಬ ವಾದವನ್ನು ಎತ್ತಿಕೊಂಡು ಅದನ್ನು ನಿರಾಕರಿಸಿದ್ದಾರೆ. ದುಃಖಪಡುತ್ತಿರುವ ಪ್ರಾಣಿಯನ್ನು ಕೊಂದು ದುಃಖದಿಂದ ಬಿಡಿಸಬೇಕೆಂಬ ವಾದವನ್ನೂ ಅಲ್ಲಿಯೇ ತಳ್ಳಿಹಾಕಿದ್ದಾರೆ. ಮುದಿ ಬೆಕ್ಕಿಗೆ ಸೂಜಿಮದ್ದು ಚುಚ್ಚಿಸಿ ಮುಗಿಸುವುದು ಲೇಸೆಂದು ನನಗೆ ಸಲಹೆ ಕೊಟ್ಟವರಿಗೆ ನಾನು ಇದನ್ನೇ ಹೇಳಿದೆ. ಆದರೆ ಆಚಾರ್ಯರು ನಿಷೇಧಿಸಿದ್ದು ಲೆಕ್ಕದ ಹೆಸರಿನಲ್ಲಿ ಕೊಲ್ಲುವುದನ್ನು; ಒಂದನ್ನು ಉಳಿಸಲು ಇನ್ನೊಂದರ ಮಾಂಸವನ್ನು ಕೊಳ್ಳಬಹುದೆಂದು ಅವರು ಎಲ್ಲಿಯೂ ಹೇಳಲಿಲ್ಲ. ಅವರ ಮಾತನ್ನು ನನ್ನ ಅನುಕೂಲಕ್ಕೆ ಎಳೆಯಲಾರೆ.

ಹಾಗಿದ್ದರೆ ಕಾರ್ತಿಕೇಯರ ನಿಷೇಧ? ನನ್ನ ಅಲ್ಪಮತಿಗೆ ತೋರಿದ್ದನ್ನು ಹೇಳುತ್ತೇನೆ, ಬಲ್ಲವರು ತಿದ್ದಬೇಕು. ಅಲ್ಲಿ ಬೆಕ್ಕು ಇರುವುದು ಆಯುಧ, ಕಬ್ಬಿಣ, ಅರಗುಗಳ ನಡುವೆ. ಎಂದರೆ ವ್ಯಾಪಾರದ, ಬಳಕೆಯ ಸಾಮಗ್ರಿಗಳ ನಡುವೆ. ಧಾನ್ಯದ ಮಂಡಿಯಲ್ಲಿ ಇಲಿ ಹಿಡಿಯಲೆಂದು ಸಾಕಿದ ಬೆಕ್ಕು ಉಸಿರಾಡುವ ಬಲೆಯೇ ಸರಿ. ಕೊಲ್ಲುವ ಕೆಲಸವನ್ನು ಅದಕ್ಕೆ ವಹಿಸಿ ಕೈತೊಳೆದುಕೊಳ್ಳುವ ಚಾತುರ್ಯವನ್ನು ಆಚಾರ್ಯರು ಹಿಡಿದು ತೋರಿಸಿದರು. ಹೊಸದಾಗಿ ಮರಿ ತಂದು ಸಾಕುವುದಕ್ಕೂ, ಚೆಲುವಿಗಾಗಿ ತಳಿಬೆಕ್ಕನ್ನು ಹಣಕೊಟ್ಟು ಕೊಳ್ಳುವುದಕ್ಕೂ ಆ ನಿಷೇಧ ಇಂದಿಗೂ ಅನ್ವಯಿಸುತ್ತದೆಂದೇ ನನ್ನ ನಂಬಿಕೆ. ಆದರೆ ಮನುಷ್ಯರ ಮನೆಯಲ್ಲಿ ಹನ್ನೆರಡು ವರ್ಷ ಬೆಳೆದು, ಬೇಟೆಯನ್ನು ಮರೆತು, ಈಗ ಬೀದಿಗೆ ಬೀಳಲಿರುವ ಪ್ರಾಣಿ ಯಾರ ಆಯುಧ? ಅದನ್ನು ಹೊರಗಟ್ಟುವುದರಿಂದ ಯಾವ ಹಿಂಸೆ ನಿಂತೀತು? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳು — ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ — ಆಶ್ರಿತ ಪ್ರಾಣಿಗಳ ವಿಷಯದಲ್ಲಿ ಗೃಹಸ್ಥನು ಎಸಗುವ ತಪ್ಪುಗಳೇ ಆಗಿರುವುದನ್ನು ನಾವು ಎಷ್ಟು ಜನ ಗಮನಿಸಿದ್ದೇವೆ? ಕಡೆಯದಂತೂ ನನ್ನ ಮಹಡಿಯ ಕೋಣೆಯಲ್ಲಿ ಇಪ್ಪತ್ತು ದಿನ ನಡೆದಿತ್ತು. ಸರ್ಕಾರದ ಕಾಯಿದೆಯೂ ಇದನ್ನು ಬಲ್ಲದು: ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯಿದೆ ಗೊತ್ತುಪಡಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ!

ಮರುದಿನ ನಾನು ಅಂಗಡಿಗೆ ಹೋಗಿ ಬೆಕ್ಕಿನ ಆಹಾರದ ಡಬ್ಬಿಗಳನ್ನು ತಂದೆ. ಜೀವಮಾನದಲ್ಲಿ ಮೊದಲ ಬಾರಿ ಮಾಂಸಕ್ಕೆ ಹಣ ಕೊಟ್ಟೆ. ಡಬ್ಬಿಗಳನ್ನು ಮನೆಯೊಳಗೆ ತಾರದೆ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ ಇಟ್ಟೆ. ಹೊರಗಿನ ಮೆಟ್ಟಿಲಿನಿಂದ ಮಹಡಿಗೆ ಒಯ್ದು ತಿನ್ನಿಸಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದೆ. ತಾಯಿಯವರಿಗೆ ಮೂರನೆಯ ದಿನವೇ ತಿಳಿದಿರಬೇಕು. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಕ್ಕು ಮೈತುಂಬಿಕೊಂಡಿತು. ನನಗೆ ಮಾತ್ರ ದಶಲಕ್ಷಣ ಪರ್ವಕ್ಕೆ ಮುಂಚೆ ಅದನ್ನು ಹೇಗಾದರೂ ಸಾಗಿಸಿಬಿಡಬೇಕೆಂಬ ಆತುರ ಹುಟ್ಟಿತು. ಆ ಆತುರದಲ್ಲಿ ಬೆಕ್ಕಿನ ಹಿತವೆಷ್ಟು, ನನ್ನ ಶುದ್ಧಿಯ ಚಿಂತೆ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಕೊನೆಗೆ ದೊರೆತ ಮನೆ ಬನಶಂಕರಿ ಎರಡನೆಯ ಹಂತದಲ್ಲಿ. ಕರಾವಳಿಯ ಕಡೆಯಿಂದ ಬಂದು ನೆಲೆಸಿದವರು. ಗೃಹಿಣಿ ದಾದಿಯ ಕೆಲಸದಿಂದ ನಿವೃತ್ತರು. ನೆಲಮಹಡಿಯ ಎರಡು ಕೋಣೆಯ ಮನೆ. ಕಿಟಕಿಗಳಿಗೆಲ್ಲ ಆಗಲೇ ಬಲೆ. ವಾರಕ್ಕೆ ಎರಡು ಮೂರು ದಿನ ಅಲ್ಲಿ ಮೀನಿನ ಅಡುಗೆ. ಆಕೆ ವಯಸ್ಸನ್ನು ಕೇಳಲಿಲ್ಲ, ಬಣ್ಣವನ್ನು ಕೇಳಲಿಲ್ಲ. ವೈದ್ಯರ ಚೀಟಿಯನ್ನು ಓದಿ, ನೀರು ಎಷ್ಟು ಕುಡಿಯುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ ಎಂದು ವಿಚಾರಿಸಿದರು. ಗೋಣಿಯನ್ನು ಒಗೆಯದೆ ಹಾಗೆಯೇ ತರಬೇಕೆಂದೂ, ಎರಡು ವಾರ ಒಂದೇ ಕೋಣೆಯಲ್ಲಿ ಇಟ್ಟು ಆಮೇಲೆ ಮನೆಯೆಲ್ಲ ತೋರಿಸುವೆನೆಂದೂ ಹೇಳಿದರು. ಒಪ್ಪಿಸಿ ಆಟೋದಲ್ಲಿ ಹಿಂದಿರುಗುವಾಗ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಶೆಡ್ಡಿನಲ್ಲಿ ಉಳಿದಿದ್ದ ಡಬ್ಬಿಗಳನ್ನೂ ಅಲ್ಲಿಗೇ ಕೊಟ್ಟುಬಂದಿದ್ದೆ.

ಆ ನೆಮ್ಮದಿ ಪರ್ವ ಮುಗಿಯುವವರೆಗೂ ಉಳಿಯಲಿಲ್ಲ. ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯವನ್ನು ನಾನು ಹಿಂದೊಮ್ಮೆ ನೋಡಿದ್ದೆ. ಪಾರಿವಾಳ, ಗಿಳಿಗಳನ್ನು ಒಳಗೆ ಇರಿಸಿಕೊಂಡು ಶುಶ್ರೂಷೆ ಮಾಡುವ ಆ ಸಂಸ್ಥೆ, ಹದ್ದು ಗಿಡುಗಗಳಂತಹ ಮಾಂಸಾಹಾರಿ ಪಕ್ಷಿಗಳಿಗೆ ಹೊರರೋಗಿಗಳಾಗಿ ಮಾತ್ರ ಚಿಕಿತ್ಸೆ ಕೊಡುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಇಟ್ಟುಕೊಂಡು ಉಣಿಸುವುದಿಲ್ಲ. ಆಗ ಆ ವ್ಯವಸ್ಥೆ ನನಗೆ ವಿವೇಕದ ಪರಾಕಾಷ್ಠೆಯೆಂದು ತೋರಿತ್ತು, ಇಂದಿಗೂ ಅದನ್ನು ಹಗುರವಾಗಿ ಮಾತನಾಡಲಾರೆ. ಗಿಡುಗಕ್ಕೆ ಪಟ್ಟಿ ಕಟ್ಟುವವರೂ ಲೋಕದಲ್ಲಿ ವಿರಳ. ಆದರೆ ನಾನು ಮಾಡಿದ್ದೂ ಅದೇ ಅಲ್ಲವೇ? ಉಣಿಸುವ ಪಾಪವನ್ನು ಬನಶಂಕರಿಗೆ ವಹಿಸಿ ದಯೆಯ ಪುಣ್ಯವನ್ನು ಜಯನಗರದಲ್ಲಿ ಇಟ್ಟುಕೊಂಡೆ. ಅವರು ಹೇಗೂ ಮೀನು ತಿನ್ನುವವರು, ಅವರಿಗೇನು ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಆ ಮಾತಿನಲ್ಲಿ ಅಡಗಿರುವ ತಿರಸ್ಕಾರ ನನಗೆ ಆಮೇಲೆ ಕಂಡಿತು. ಯಾರ ಆಹಾರವನ್ನು ನಾನು ಒಳಗೊಳಗೆ ಕೀಳೆಂದು ಎಣಿಸಿದ್ದೆನೋ ಅವರ ಅಡುಗೆಮನೆಯ ಬಲದಿಂದಲೇ ನನ್ನ ಅನುಕಂಪೆ ನಿಂತಿತ್ತು.

ಪ್ರತಿ ತಿಂಗಳೂ ಔಷಧದ ಖರ್ಚನ್ನು ನಾನು ಕೊಡುವುದೆಂದು ಮಾತಾಗಿತ್ತು. ಮೊದಲ ಬಾರಿ ಲಕೋಟೆಯನ್ನು ಕೊಡುವಾಗ, “ಇದು ಔಷಧಿಗೆ ಮಾತ್ರ ಅಮ್ಮಾ” ಎಂದು ಒತ್ತಿ ಹೇಳಿದೆ. ಆಕೆ ನಕ್ಕು, “ಔಷಧಿ ದುಡ್ಡು ಬೇರೆ, ಮೀನಿನ ದುಡ್ಡು ಬೇರೆ ಅಂತ ಬೆಕ್ಕಿಗೆ ಗೊತ್ತಾಗುತ್ತಾ ಸಾರ್?” ಎಂದರು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳಿನಿಂದ ಲಕೋಟೆಯ ಮೇಲೆ ಏನೂ ಬರೆಯದೆ, ಏನೂ ಹೇಳದೆ ಕೊಡುತ್ತಿದ್ದೇನೆ. ಪ್ರತಿಕ್ರಮಣದ ವೇಳೆ ಆ ಹಣವನ್ನೂ ನೆನೆಯುತ್ತೇನೆ. ಅದು ದೋಷವಲ್ಲವೆಂದು ನನಗೆ ನಾನೇ ಹೇಳಿಕೊಂಡಿಲ್ಲ.

ಚಿನ್ನಿಗೆ ಈಗ ಹದಿನಾಲ್ಕು. ಎಡಗಣ್ಣು ಮಂಜಾಗಿದೆ. ವಾರಕ್ಕೆರಡು ಸಲ ಚರ್ಮದಡಿ ಲವಣಜಲ ಕೊಡಬೇಕು. ಆಕೆಯೇ ಮನೆಯಲ್ಲಿ ಕೊಡುತ್ತಾರೆ, ಸೂಜಿ ಹಿಡಿದ ಕೈ ಅಲ್ಲವೇ. ಭಾನುವಾರ ನಾನು ಹೋದಾಗ ಒಮ್ಮೊಮ್ಮೆ ಬಾಟಲಿಯನ್ನು ಎತ್ತಿ ಹಿಡಿಯುವ ಕೆಲಸ ನನ್ನದು. ಹಿಂದಿರುಗಿ ಕೈಕಾಲು ತೊಳೆದು ಒಳಗೆ ಬಂದರೆ, ಜಪದ ಮಣೆಯಿಂದಲೇ ತಾಯಿಯವರು ತಲೆಯೆತ್ತಿ ಕೇಳುತ್ತಾರೆ: “ಉಣ್ಣುತ್ತಿದೆಯೇನಪ್ಪ ಅದು?” ಏನನ್ನು ಎಂದು ಮಾತ್ರ ಅವರು ಇದುವರೆಗೆ ಕೇಳಿಲ್ಲ. ಉಣ್ಣುತ್ತಿದೆ ಅಮ್ಮ ಎನ್ನುತ್ತೇನೆ. ಅವರು ಮತ್ತೆ ಜಪಕ್ಕೆ ತೊಡಗುತ್ತಾರೆ.